ಸೇಫ್‌ಸರ್ಚ್ ಆಫ್ ಆಗದಿದ್ದಾಗ: ಬೀಗ ಎಲ್ಲಿದೆ ಎಂದು ಪತ್ತೆಹಚ್ಚುವ ಕ್ರಮ

ಗೂಗಲ್, ಬಿಂಗ್ ಮುಂತಾದ ಹುಡುಕು ತಾಣಗಳಲ್ಲಿ ವಯಸ್ಕರಿಗೆ ಮಾತ್ರ ಸಲ್ಲುವ ಚಿತ್ರ ಮತ್ತು ಬರಹಗಳನ್ನು ತಡೆಯುವುದಕ್ಕಾಗಿ ಸೇಫ್‌ಸರ್ಚ್ ಎಂಬ ಫಿಲ್ಟರ್ ಇದೆ. ಸೆಟ್ಟಿಂಗ್‌ಗೆ ಹೋಗಿ ಅದನ್ನು ಆಫ್ ಮಾಡಿದರೆ ಸಾಮಾನ್ಯವಾಗಿ ಕೆಲಸ ಅಲ್ಲಿಗೇ ಮುಗಿಯುತ್ತದೆ. ಆದರೆ ಆಫ್ ಮಾಡಿದ್ದು ಮರುದಿನ ತಾನಾಗಿ ಆನ್ ಆಗಿರುವುದು, ಆಫ್ ಮಾಡುವ ಆಯ್ಕೆಯೇ ಮಸುಕಾಗಿ ಒತ್ತಲು ಬಾರದಿರುವುದು, ಆಫ್ ಎಂದು ತೋರಿಸುತ್ತಿದ್ದರೂ ಫಲಿತಾಂಶ ಕಿಂಚಿತ್ತೂ ಬದಲಾಗದಿರುವುದು ಈ ಮೂರು ದೂರುಗಳು ಉಡುಪಿ, ಮಣಿಪಾಲ, ಮಂಗಳೂರು ಭಾಗದಲ್ಲಿ ಕಂಪ್ಯೂಟರ್ ದುರಸ್ತಿಯ ಕೆಲಸದಲ್ಲಿರುವ ನಮ್ಮಂಥವರ ಬಳಿಗೆ ಮತ್ತೆ ಮತ್ತೆ ಬರುತ್ತವೆ.

ಈ ದೂರನ್ನು ತರುವವರನ್ನು ಸಂಶಯದಿಂದ ನೋಡುವ ರೂಢಿ ಇದೆ. ಅದು ಸರಿಯಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ. ಮಣಿಪಾಲದಲ್ಲಿ 1953ರಿಂದ ವೈದ್ಯಕೀಯ ಕಾಲೇಜು ಇದೆ. ಮಂಗಳೂರಿನ ಬಳಿಯ ದೇರಳಕಟ್ಟೆಯಂತಹ ಒಂದೇ ಊರಿನಲ್ಲಿ ಒಂದಕ್ಕಿಂತ ಹೆಚ್ಚು ವೈದ್ಯಕೀಯ ಕಾಲೇಜುಗಳಿವೆ. ನರ್ಸಿಂಗ್ ಓದುವವರ ಸಂಖ್ಯೆಯೂ ಈ ಕರಾವಳಿಯಲ್ಲಿ ದೊಡ್ಡದು. ಗೂಗಲ್‌ನ ಫಿಲ್ಟರ್ ಲೈಂಗಿಕ ಚಿತ್ರಗಳನ್ನು ಮಾತ್ರವಲ್ಲದೆ ತೀವ್ರ ಹಿಂಸೆಯ ಚಿತ್ರಗಳನ್ನೂ ತಡೆಯುವುದರಿಂದ, ಚರ್ಮರೋಗ, ಪ್ರಸೂತಿ, ವಿಧಿವಿಜ್ಞಾನ ಓದುವವರಿಗೆ ಅಗತ್ಯವಾದ ಚಿತ್ರಗಳು ಅದರ ಬಲೆಗೆ ಬೀಳುವ ಸಾಧ್ಯತೆ ಇದೆ. ಯಂತ್ರವು ಚಿತ್ರ ನೋಡಿ ಮಾಡುವ ಈ ವಿಂಗಡಣೆ ನೂರಕ್ಕೆ ನೂರು ನಿಖರವಲ್ಲವೆಂದು ಗೂಗಲ್ ಕೂಡ ಹೇಳುತ್ತದೆ. ಸ್ತನದಲ್ಲಿ ಗಂಟು ಕಂಡು ಗಾಬರಿಯಾದ ಮಹಿಳೆ ಸ್ವಯಂ ಪರೀಕ್ಷೆಯ ಕ್ರಮವನ್ನು ಹುಡುಕುವಾಗ, ಅಥವಾ ಶಿಲ್ಪಕಲೆಯ ವಿದ್ಯಾರ್ಥಿ 1432ರ ಕಾರ್ಕಳದ ಗೊಮ್ಮಟನನ್ನೂ 1604ರ ವೇಣೂರಿನ ಗೊಮ್ಮಟನನ್ನೂ ಇತರ ನಗ್ನ ಶಿಲ್ಪಗಳೊಂದಿಗೆ ಹೋಲಿಸಿ ನೋಡಲು ಹೊರಟಾಗ, ಫಿಲ್ಟರ್ ಅಡ್ಡ ಬರುವುದಿದ್ದರೆ ಅದನ್ನು ತೆಗೆಯುವ ದಾರಿ ಅವರಿಗೆ ಗೊತ್ತಿರಬೇಕು.

ಈ ದೋಷವನ್ನು ಹುಡುಕುವವರು ಮೊದಲೇ ತಿಳಿದಿರಬೇಕಾದ ಸಂಗತಿ ಒಂದಿದೆ. ಸೇಫ್‌ಸರ್ಚ್‌ನ ಗುಂಡಿ ಕಾಣುವುದು ಒಂದೇ ಪುಟದಲ್ಲಾದರೂ ಅದನ್ನು ಹಿಡಿದಿಡುವ ಕೈಗಳು ಹಲವು: ಖಾತೆ, ಬ್ರೌಸರ್, ಫೋನು ಅಥವಾ ಕಂಪ್ಯೂಟರು, ಮನೆಯ ರೂಟರ್, ಕಾಲೇಜಿನ ಇಲ್ಲವೇ ಕಚೇರಿಯ ನೆಟ್‌ವರ್ಕ್. ಯಾವ ಕೈ ಹಿಡಿದಿದೆ ಎಂದು ತಿಳಿಯುವ ಮೊದಲೇ ಸಿಕ್ಕಸಿಕ್ಕ ಸೆಟ್ಟಿಂಗ್‌ಗಳನ್ನೆಲ್ಲ ಬದಲಾಯಿಸುತ್ತ ಹೋದರೆ ಮೂಲ ದೋಷ ಹಾಗೆಯೇ ಉಳಿದು, ಅದರ ಮೇಲೆ ನಾವೇ ಮಾಡಿದ ಹೊಸ ದೋಷಗಳು ಸೇರಿಕೊಳ್ಳುತ್ತವೆ. ಆದುದರಿಂದ ಮೊದಲು ಪತ್ತೆ, ಅನಂತರ ಬದಲಾವಣೆ ಎಂಬ ಕ್ರಮವನ್ನು ಬಿಡಬಾರದು.

ದೋಷದ ಗುರುತು ಹಿಡಿಯುವುದು

ಪರೀಕ್ಷೆಗೆಂದು ಒಂದೇ ಒಂದು ಹುಡುಕುಪದವನ್ನು ಆರಿಸಿಕೊಂಡು ಕೊನೆಯವರೆಗೂ ಅದನ್ನೇ ಬಳಸಬೇಕು. ನಿಮಗೆ ತೊಂದರೆ ಕೊಟ್ಟ ಪದವೇ ಇದಕ್ಕೆ ಸೂಕ್ತ. ಪ್ರತಿ ಸಲ ಪದ ಬದಲಾದರೆ ಫಲಿತಾಂಶ ಬದಲಾದದ್ದು ಫಿಲ್ಟರ್‌ನಿಂದಲೋ ಪದದಿಂದಲೋ ಹೇಳಲು ಬರುವುದಿಲ್ಲ.

ಅನಂತರ ಗೂಗಲ್‌ನ ಸೇಫ್‌ಸರ್ಚ್ ಪುಟವನ್ನು ತೆರೆಯಬೇಕು. ಗೂಗಲ್ ಡಾಟ್ ಕಾಮ್ ಎಂಬ ವಿಳಾಸದ ಮುಂದೆ ಓರೆಗೆರೆ ಹಾಕಿ ಸೇಫ್‌ಸರ್ಚ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಆ ಪುಟ ನೇರವಾಗಿ ಬರುತ್ತದೆ. ಅಲ್ಲಿ ಮೂರು ಆಯ್ಕೆಗಳಿವೆ. ‘ಫಿಲ್ಟರ್’ ಎಂಬುದು ಅಶ್ಲೀಲವೆಂದು ಗುರುತಿಸಿದ ಚಿತ್ರ, ಬರಹ, ಕೊಂಡಿ ಎಲ್ಲವನ್ನೂ ತಡೆಯಲು ನೋಡುತ್ತದೆ. ‘ಬ್ಲರ್’ ಎಂಬುದು ಚಿತ್ರಗಳನ್ನು ಮಬ್ಬಾಗಿಸಿದರೂ ಬರಹ ಮತ್ತು ಕೊಂಡಿಗಳನ್ನು ತೋರಿಸಬಹುದು. ‘ಆಫ್’ ಎಂದರೆ ಹುಡುಕಿದ್ದಕ್ಕೆ ಸಂಬಂಧಿಸಿದ್ದನ್ನು ತಡೆಯಿಲ್ಲದೆ ತೋರಿಸುವುದು. ಮಬ್ಬಾಗಿಸುವ ಆಯ್ಕೆಯನ್ನು 2023ರಲ್ಲಿ ಗೂಗಲ್ ‘ಫಿಲ್ಟರ್’ ಆನ್ ಇಲ್ಲದವರಿಗೆಲ್ಲ ತಾನಾಗಿಯೇ ಜಾರಿಗೆ ತಂದಿತು. ಆದುದರಿಂದ ‘ನಾನು ಏನನ್ನೂ ಮುಟ್ಟಿಲ್ಲ, ಆದರೂ ಚಿತ್ರಗಳು ಮಬ್ಬಾಗಿವೆ’ ಎನ್ನುವವರ ಮಾತು ನಿಜ. ಅವರ ಯಂತ್ರದಲ್ಲಿ ದೋಷವೇನೂ ಇಲ್ಲ, ‘ಆಫ್’ ಒತ್ತಿದರೆ ಸಾಕು.

ಅದೇ ಪುಟದ ಮೇಲ್ಭಾಗದ ಬಲಬದಿಯಲ್ಲಿ ಬೀಗದ ಚಿಹ್ನೆ ಕಂಡರೆ ಸೇಫ್‌ಸರ್ಚನ್ನು ಬೇರೆ ಯಾರೋ ಹಿಡಿದಿಟ್ಟಿದ್ದಾರೆ ಎಂದು ಅರ್ಥ. ಅಂತಹ ಸಂದರ್ಭದಲ್ಲಿ ಯಾರ ನಿಯಂತ್ರಣ ಇದೆ ಎಂಬ ಬಗ್ಗೆ ಆ ಪುಟವೇ ಒಂದಿಷ್ಟು ಮಾಹಿತಿ ಕೊಡುತ್ತದೆ. ಜನರು ಗುಂಡಿಯನ್ನು ಹತ್ತಾರು ಸಲ ಒತ್ತುತ್ತಾರೆಯೇ ಹೊರತು ಆ ಎರಡು ಸಾಲುಗಳನ್ನು ಓದುವುದಿಲ್ಲ. ದಯವಿಟ್ಟು ಓದಿ, ಉಳಿದ ಅರ್ಧ ಕೆಲಸ ಅಲ್ಲೇ ತಪ್ಪುತ್ತದೆ.

ಬೀಗ ಕಂಡರೆ ಮುಂದಿನ ಪರೀಕ್ಷೆ ಹೀಗೆ. ಫೋನಿನಲ್ಲಿ ವೈಫೈ ಬಂದ್ ಮಾಡಿ, ಮೊಬೈಲ್ ಡಾಟಾದಲ್ಲಿ ಅದೇ ಪುಟವನ್ನು ತೆರೆಯಿರಿ. ಬೀಗ ಮಾಯವಾದರೆ ಕಾರಣ ವೈಫೈಯ ಕಡೆ ಇದೆ. ಖಾತೆಯನ್ನೂ ಫೋನನ್ನೂ ಮುಟ್ಟುವ ಅಗತ್ಯವಿಲ್ಲ. ಬೀಗ ಹಾಗೆಯೇ ಇದ್ದರೆ ಗೂಗಲ್ ಖಾತೆಯಿಂದ ಹೊರಬಂದು, ಅಥವಾ ಖಾತೆಗೆ ಲಾಗಿನ್ ಆಗದೆಯೇ ತೆರೆಯುವ ಇನ್‌ಕಾಗ್ನಿಟೋ ಕಿಟಕಿಯಲ್ಲಿ, ಇನ್ನೊಮ್ಮೆ ನೋಡಿ. ಆಗ ಹೋದರೆ ಕಾರಣ ಖಾತೆ, ಇಲ್ಲವೇ ಬ್ರೌಸರ್‌ಗೆ ಸೇರಿಸಿದ ಯಾವುದೋ ಎಕ್ಸ್‌ಟೆನ್ಶನ್. ಆಗಲೂ ಹೋಗದಿದ್ದರೆ ಕಾರಣ ಆ ಫೋನಿನಲ್ಲಿ ಅಥವಾ ಕಂಪ್ಯೂಟರಿನಲ್ಲಿಯೇ ಇದೆ. ಇಷ್ಟು ಮಾಡಿದರೆ ದೋಷದ ಜಾಗ ಸರಿಸುಮಾರು ಗೊತ್ತಾಗುತ್ತದೆ, ಇನ್ನು ಆ ಜಾಗಕ್ಕೆ ಮಾತ್ರ ಕೈಹಾಕಿದರೆ ಸಾಕು.

ಖಾತೆಯಲ್ಲಿ ದೋಷವಿದ್ದರೆ

ವಯಸ್ಸು 18ಕ್ಕಿಂತ ಕಡಿಮೆ ಎಂದು ಗೂಗಲ್ ಭಾವಿಸಿದ ಖಾತೆಗೆ ‘ಫಿಲ್ಟರ್’ ತಾನಾಗಿ ಆನ್ ಆಗಿರುತ್ತದೆ. ಹುಟ್ಟಿದ ವರ್ಷವನ್ನು ತಪ್ಪಾಗಿ ನಮೂದಿಸಿದ ವಯಸ್ಕರ ಖಾತೆಗಳೂ ಹೀಗೆ ಸಿಕ್ಕಿಕೊಳ್ಳುತ್ತವೆ. ಮನೆಯ ಮೊದಲ ಸ್ಮಾರ್ಟ್‌ಫೋನಿಗೆ ಮಗಳ ಹೆಸರಿನಲ್ಲೋ ಮೊಮ್ಮಗನ ಹೆಸರಿನಲ್ಲೋ ಖಾತೆ ತೆರೆದು, ಅನಂತರ ಅದೇ ಖಾತೆಯನ್ನು ಮನೆಮಂದಿಯೆಲ್ಲ ಬಳಸುವುದು ನಮ್ಮಲ್ಲಿ ಅಪರೂಪವೇನಲ್ಲ. ಗೂಗಲ್ ಖಾತೆಯ ‘ಪರ್ಸನಲ್ ಇನ್ಫೋ’ ಭಾಗದಲ್ಲಿ ಹುಟ್ಟಿದ ದಿನಾಂಕವನ್ನು ನೋಡಿ, ತಪ್ಪಿದ್ದರೆ ತಿದ್ದಬೇಕು. ವಯಸ್ಸಿನ ಪುರಾವೆಯನ್ನು ಗೂಗಲ್ ಕೇಳಬಹುದು. ಖಾತೆ ನಿಜವಾಗಿಯೂ ಮಗುವಿನದ್ದಾಗಿದ್ದರೆ ದಿನಾಂಕವನ್ನು ಸುಳ್ಳಾಗಿ ಬದಲಿಸಬೇಡಿ, ದೊಡ್ಡವರು ತಮಗೆಂದು ಬೇರೆ ಖಾತೆ ತೆರೆಯಿರಿ.

ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್ ಮೂಲಕ ತಂದೆತಾಯಿಯ ನಿಗಾದಲ್ಲಿರುವ ಖಾತೆಯಲ್ಲಿ ಸೇಫ್‌ಸರ್ಚ್‌ನ ನಿರ್ಧಾರ ತಂದೆತಾಯಿಯ ಫೋನಿನಲ್ಲಿರುತ್ತದೆ. ಶಾಲೆ ಅಥವಾ ಕಾಲೇಜು ಕೊಟ್ಟ ಇಮೇಲ್ ಖಾತೆಯಾದರೆ ಸಂಸ್ಥೆಯ ಆಡಳಿತಗಾರರು ಅದನ್ನು ನಿರ್ಧರಿಸುತ್ತಾರೆ. ಒಂದೇ ಬ್ರೌಸರ್‌ನಲ್ಲಿ ಸ್ವಂತ ಖಾತೆಯನ್ನೂ ಕಾಲೇಜಿನ ಖಾತೆಯನ್ನೂ ತೆರೆದಿಟ್ಟುಕೊಂಡ ವಿದ್ಯಾರ್ಥಿಗಳು ತಾವು ಹುಡುಕುತ್ತಿರುವುದು ಯಾವ ಖಾತೆಯಲ್ಲಿ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಮೇಲಿನ ಮೂಲೆಯ ದುಂಡಗಿನ ಚಿತ್ರವನ್ನು ಒತ್ತಿದರೆ ಅದು ತಿಳಿಯುತ್ತದೆ.

ಬ್ರೌಸರ್ ಮತ್ತು ಯಂತ್ರ

ಆಫ್ ಮಾಡಿದ್ದು ಉಳಿಯುವುದೇ ಇಲ್ಲ ಎಂಬ ದೂರಿಗೆ ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಕುಕಿ, ಅಂದರೆ ನಮ್ಮ ಆಯ್ಕೆಗಳನ್ನು ನೆನಪಿಡಲು ತಾಣವೊಂದು ಬ್ರೌಸರ್‌ನಲ್ಲಿ ಇಡುವ ಪುಟ್ಟ ಕಡತ. ಖಾತೆಗೆ ಲಾಗಿನ್ ಆಗದೆ ಮಾಡಿದ ಆಯ್ಕೆಯನ್ನು ಬ್ರೌಸರ್ ಕುಕಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಬ್ರೌಸರ್ ಮುಚ್ಚಿದಾಗಲೆಲ್ಲ ಕುಕಿ ಅಳಿಸುವ ಸೆಟ್ಟಿಂಗ್ ಇದ್ದರೆ, ಅಥವಾ ಫೋನಿನ ‘ಕ್ಲೀನರ್’ ಆ್ಯಪ್ ರಾತ್ರಿಯ ಹೊತ್ತು ಎಲ್ಲವನ್ನೂ ಗುಡಿಸುತ್ತಿದ್ದರೆ, ಬೆಳಗ್ಗೆ ಮತ್ತೆ ಹಳೆಯ ಸ್ಥಿತಿಯೇ ಇರುತ್ತದೆ. ಲಾಗಿನ್ ಆಗಿ ಆಫ್ ಮಾಡುವುದು ಇದಕ್ಕೆ ಸರಳ ಪರಿಹಾರ. ಡಕ್‌ಡಕ್‌ಗೋ ಎಂಬ ಹುಡುಕು ತಾಣವನ್ನು ಬಳಸುವವರಿಗೆ ಲಾಗಿನ್ ಎಂಬುದೇ ಇಲ್ಲದ ಕಾರಣ ಅವರು ಕುಕಿಯನ್ನು ಉಳಿಸಿಕೊಳ್ಳಲೇಬೇಕು.

ಕ್ರೋಮ್‌ನ ಮೂರು ಚುಕ್ಕೆಯ ಮೆನುವಿನ ಕೊನೆಯಲ್ಲಿ ‘ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಶನ್’ (ಬ್ರೌಸರ್ ಸಂಸ್ಥೆಯೊಂದರ ನಿಯಂತ್ರಣದಲ್ಲಿದೆ) ಎಂಬ ಸಾಲು ಕಂಡರೆ ಎಚ್ಚರವಾಗಬೇಕು. ವಿಳಾಸದ ಜಾಗದಲ್ಲಿ ಕ್ರೋಮ್ ಎಂದು ಬರೆದು, ವಿವರಣ ಚಿಹ್ನೆಯ ಎರಡು ಚುಕ್ಕೆಗಳನ್ನೂ ಎರಡು ಓರೆಗೆರೆಗಳನ್ನೂ ಹಾಕಿ, ಅವುಗಳ ಮುಂದೆ ಪಾಲಿಸಿ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಆ ಯಂತ್ರದ ಮೇಲೆ ಹೇರಿರುವ ನಿಯಮಗಳ ಪಟ್ಟಿ ಬರುತ್ತದೆ. ಆ ಪಟ್ಟಿಯಲ್ಲಿ ‘ಫೋರ್ಸ್‌ಗೂಗಲ್‌ಸೇಫ್‌ಸರ್ಚ್’ ಎಂಬ ನಿಯಮ ಜಾರಿಯಲ್ಲಿದ್ದರೆ ಸೆಟ್ಟಿಂಗ್ ಪುಟದಲ್ಲಿ ಎಷ್ಟು ಒತ್ತಿದರೂ ಪ್ರಯೋಜನವಿಲ್ಲ. ಮೈಕ್ರೋಸಾಫ್ಟ್‌ನ ಎಡ್ಜ್ ಬ್ರೌಸರ್‌ನಲ್ಲಿಯೂ ಹೀಗೆಯೇ, ಮೊದಲ ಪದ ಮಾತ್ರ ಎಡ್ಜ್ ಎಂದಾಗಬೇಕು. ಬಿಂಗ್‌ಗೆ ಸಂಬಂಧಿಸಿದ ನಿಯಮ ಅಲ್ಲಿ ಕಾಣುತ್ತದೆ.

ಇಂತಹ ಯಂತ್ರಗಳು ನಮ್ಮ ಊರಿಗೆ ಎರಡು ದಾರಿಯಿಂದ ಬರುತ್ತವೆ. ಗಲ್ಫ್‌ನಲ್ಲಿ ದುಡಿಯುವವರು ರಜೆಗೆ ಬರುವಾಗ ತರುವ ಕಂಪನಿಯ ಲ್ಯಾಪ್‌ಟಾಪ್ ಮೊದಲನೆಯದು. ಅದು ಮಂಗಳೂರಿನ ಮನೆಯ ವೈಫೈಯಲ್ಲಿದ್ದರೂ ಅದರೊಳಗಿನ ನಿಯಮಗಳು ಕಂಪನಿಯವೇ. ಯಂತ್ರವೂ ಕಂಪನಿಯದ್ದೇ ಆದ ಕಾರಣ ಅದನ್ನು ಮುಟ್ಟದೆ ಬೇರೆ ಯಂತ್ರ ಬಳಸುವುದು ಸರಿ. ಕಚೇರಿಗಳು ಮಾರಿದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಎರಡನೆಯದು. ಮಾರುವ ಮೊದಲು ಅದನ್ನು ಪೂರ್ತಿ ಅಳಿಸದಿದ್ದರೆ ಹಳೆಯ ಕಚೇರಿಯ ನಿಯಮಗಳು ಹಾಗೆಯೇ ಉಳಿದಿರುತ್ತವೆ. ಖರೀದಿಯ ರಸೀದಿ ನಿಮ್ಮ ಹೆಸರಿನಲ್ಲಿದ್ದು ಯಂತ್ರ ನಿಮ್ಮದೇ ಆಗಿದ್ದರೆ, ನಿಯಮಗಳನ್ನು ಒಂದೊಂದಾಗಿ ಕೀಳುವುದರ ಬದಲು ಬೇಕಾದ ಕಡತಗಳನ್ನು ಬೇರೆಡೆ ಉಳಿಸಿಕೊಂಡು ವಿಂಡೋಸನ್ನು ಹೊಸದಾಗಿ ಹಾಕಿಸುವುದು ಉತ್ತಮ. ಇನ್ನೊಬ್ಬರ ನಿಯಮಗಳು ಉಳಿದಿರುವ ಯಂತ್ರದಲ್ಲಿ ಅವರ ಬೇರೆ ಏನೇನು ಉಳಿದಿದೆಯೋ ಹೇಳಲಾಗದು.

ಐಫೋನಿನಲ್ಲಿ ಒಂದು ಸುಲಭದ ಗುರುತಿದೆ. ಸಫಾರಿಯಲ್ಲಿ ಪ್ರೈವೇಟ್ ಟ್ಯಾಬ್ ತೆರೆಯುವ ಆಯ್ಕೆಯೇ ಕಾಣೆಯಾಗಿದ್ದರೆ ‘ಸ್ಕ್ರೀನ್ ಟೈಮ್’ ಒಳಗಿನ ನಿರ್ಬಂಧದಲ್ಲಿ ವಯಸ್ಕರ ತಾಣಗಳನ್ನು ತಡೆಯುವ ಆಯ್ಕೆ ಆನ್ ಆಗಿದೆ ಎಂದು ತಿಳಿಯಬಹುದು. ವಿಂಡೋಸ್‌ನಲ್ಲಿ ಮಗುವಿನ ಹೆಸರಿನ ಮೈಕ್ರೋಸಾಫ್ಟ್ ಖಾತೆಗೆ ‘ಫ್ಯಾಮಿಲಿ ಸೇಫ್ಟಿ’ಯ ಫಿಲ್ಟರ್ ಹಾಕಿದ್ದರೆ ಬಿಂಗ್ ‘ಸ್ಟ್ರಿಕ್ಟ್’ನಿಂದ ಕದಲುವುದಿಲ್ಲ. ಇವುಗಳ ಜೊತೆಗೆ ಆ್ಯಂಟಿವೈರಸ್‌ನೊಳಗೆ ಬರುವ ‘ಪೇರೆಂಟಲ್ ಕಂಟ್ರೋಲ್’ ಭಾಗವನ್ನೂ, ಬ್ರೌಸರ್‌ನ ಎಕ್ಸ್‌ಟೆನ್ಶನ್‌ಗಳನ್ನೂ ಒಂದೊಂದಾಗಿ ನಿಲ್ಲಿಸಿ ನೋಡಬೇಕು. ಹುಡುಕಿದ ಬಳಿಕ ವಿಳಾಸದ ಉದ್ದನೆಯ ಸಾಲಿನಲ್ಲಿ ‘ಸೇಫ್’ ಎಂಬ ಪದದ ಮುಂದೆ ಸಮಚಿಹ್ನೆಯೂ ‘ಆ್ಯಕ್ಟಿವ್’ ಎಂಬ ಪದವೂ ನೀವು ಬರೆಯದೆಯೇ ಸೇರಿಕೊಂಡಿದ್ದರೆ, ಎಕ್ಸ್‌ಟೆನ್ಶನ್ನೋ ನಡುವಿನ ಯಾವುದೋ ತಂತ್ರಾಂಶವೋ ಅದನ್ನು ಅಂಟಿಸುತ್ತಿದೆ ಎಂದು ಅನುಮಾನಿಸಬೇಕು.

ವೈಫೈ, ರೂಟರ್, ಡಿಎನ್‌ಎಸ್

ವೈಫೈಯಲ್ಲಿ ಮಾತ್ರ ತೊಂದರೆ, ಮೊಬೈಲ್ ಡಾಟಾದಲ್ಲಿ ಎಲ್ಲವೂ ಸರಿ ಎಂದಾದರೆ ಕಾರಣ ಬಹುಮಟ್ಟಿಗೆ ಡಿಎನ್‌ಎಸ್. ಗೂಗಲ್ ಎಂದು ನಾವು ಟೈಪ್ ಮಾಡಿದಾಗ ಆ ಹೆಸರಿಗೆ ಸೇರಿದ ಅಂಕಿಯ ವಿಳಾಸವನ್ನು ಹೇಳಿಕೊಡುವುದು ಡಿಎನ್‌ಎಸ್‌ನ ಕೆಲಸ. ರಥಬೀದಿಗೆ ದಾರಿ ಕೇಳಿದವರನ್ನು ರಥಬೀದಿಗೇ ಕಳುಹಿಸಿದರೂ ಬೇರೆ ಬಾಗಿಲಿನಿಂದ ಒಳಗೆ ಬಿಡುವಂತೆ, ಫಿಲ್ಟರ್ ಹಾಕಿದ ಡಿಎನ್‌ಎಸ್ ನಮ್ಮನ್ನು ಗೂಗಲ್‌ಗೇ ಕಳುಹಿಸುತ್ತದೆ, ಆದರೆ ಸೇಫ್‌ಸರ್ಚ್ ಕಡ್ಡಾಯವಾಗಿರುವ ವಿಳಾಸಕ್ಕೆ. ಈ ವ್ಯವಸ್ಥೆಯನ್ನು ಗೂಗಲ್ ತಾನೇ ಶಾಲೆ ಮತ್ತು ಕಚೇರಿಗಳ ಅನುಕೂಲಕ್ಕೆಂದು ಒದಗಿಸಿದೆ. ಬಿಂಗ್, ಡಕ್‌ಡಕ್‌ಗೋ, ಯೂಟ್ಯೂಬ್‌ಗೂ ಇಂತಹ ಪ್ರತ್ಯೇಕ ವಿಳಾಸಗಳಿವೆ.

ಇದನ್ನು ಊಹೆಯ ಮೇಲೆ ಬಿಡಬೇಕಾಗಿಲ್ಲ, ನೇರವಾಗಿ ಪರೀಕ್ಷಿಸಬಹುದು. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಎನ್ಎಸ್‌ಲುಕಪ್ ಎಂಬ ಆದೇಶವನ್ನು ಇಂಗ್ಲಿಷಿನಲ್ಲಿ ಬರೆದು, ಒಂದು ಜಾಗ ಬಿಟ್ಟು, ಮೂರು ಡಬ್ಲ್ಯೂ ಸಹಿತವಾಗಿ ಗೂಗಲ್‌ನ ವಿಳಾಸ ಬರೆದು ಎಂಟರ್ ಒತ್ತಬೇಕು. ಉತ್ತರದಲ್ಲಿ 216.239.38.120 ಎಂಬ ಅಂಕಿ ಬಂದರೆ ಸೇಫ್‌ಸರ್ಚ್ ಕಡ್ಡಾಯಗೊಳಿಸುವ ವಿಳಾಸಕ್ಕೇ ನಿಮ್ಮನ್ನು ಕಳುಹಿಸಲಾಗುತ್ತಿದೆ ಎಂಬುದು ಖಚಿತ. ಐಪಿವಿ6 ಎಂಬ ಹೊಸ ಬಗೆಯ ಉದ್ದನೆಯ ವಿಳಾಸ ಬಳಸುವ ಸಂಪರ್ಕದಲ್ಲಿ ಅದೇ ವಿಳಾಸ 2001:4860:4802:32::78 ಎಂದು ಕಾಣುತ್ತದೆ. ಬೇರೆ ಅಂಕಿಗಳು ಬಂದರೆ ಡಿಎನ್‌ಎಸ್‌ನ ಮೇಲಿನ ಅನುಮಾನ ಬಹುಮಟ್ಟಿಗೆ ದೂರವಾಗುತ್ತದೆ. ಆದರೆ ಈ ಆದೇಶವು ಕಂಪ್ಯೂಟರಿನೊಳಗಿನ ಹೋಸ್ಟ್ಸ್ ಎಂಬ ಕಡತವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬುದನ್ನು ನೆನಪಿಡಬೇಕು. ಸಿಸ್ಟಮ್32 ಫೋಲ್ಡರಿನೊಳಗೆ ಡ್ರೈವರ್ಸ್, ಅದರೊಳಗೆ ಇಟಿಸಿ ಎಂಬಲ್ಲಿರುವ ಆ ಕಡತದಲ್ಲಿ ಯಾರಾದರೂ ಇದೇ ಅಂಕಿಯನ್ನು ಗೂಗಲ್‌ನ ಹೆಸರಿನ ಎದುರು ಬರೆದಿಟ್ಟಿದ್ದರೆ ಆ ಒಂದು ಕಂಪ್ಯೂಟರಿಗೆ ಮಾತ್ರ ಬೀಗ ಬೀಳುತ್ತದೆ, ಮನೆಯ ಉಳಿದ ಫೋನುಗಳಿಗೆ ಬೀಳುವುದಿಲ್ಲ.

ಮನೆಯ ರೂಟರ್‌ಗೆ ಯಾರೂ ಕೈಹಾಕದೆ ಫಿಲ್ಟರ್ ಎಲ್ಲಿಂದ ಬಂತು ಎಂಬ ಪ್ರಶ್ನೆ ಸಹಜ. ಕರಾವಳಿಯಲ್ಲಿ ಇದಕ್ಕೆ ಒಂದು ಋತುಮಾನವೇ ಇದೆ. ಮಳೆಗಾಲಕ್ಕೆ ಮುಂಚಿನ ಏಪ್ರಿಲ್, ಮೇ ತಿಂಗಳುಗಳಲ್ಲಿ ಮತ್ತು ಮಳೆ ಹಿಂದೆ ಸರಿಯುವಾಗ ಸಿಡಿಲಿಗೆ ಮೋಡೆಮ್, ರೂಟರ್‌ಗಳು ಸುಟ್ಟುಹೋಗುವುದು ಇಲ್ಲಿ ಸಾಮಾನ್ಯ. ಹೊಸ ರೂಟರ್ ತಂದು ಜೋಡಿಸುವವರು ಮನೆಯಲ್ಲಿ ಮಕ್ಕಳಿರುವುದನ್ನು ಕಂಡು ಒಳ್ಳೆಯ ಉದ್ದೇಶದಿಂದಲೇ ಕುಟುಂಬಕ್ಕೆಂದು ಇರುವ ಡಿಎನ್‌ಎಸ್ ವಿಳಾಸ ಹಾಕಿ ಹೋಗಬಹುದು, ಅಥವಾ ರೂಟರಿನೊಳಗಿನ ‘ಪೇರೆಂಟಲ್ ಕಂಟ್ರೋಲ್’ ಆನ್ ಮಾಡಿರಬಹುದು. ಮನೆಯವರಿಗೆ ಅದು ಗೊತ್ತೇ ಇರುವುದಿಲ್ಲ. ಆದುದರಿಂದ ‘ತೊಂದರೆ ಎಂದಿನಿಂದ?’ ಎಂಬ ಪ್ರಶ್ನೆಯ ಜೊತೆಗೆ ‘ರೂಟರ್ ಬದಲಾಯಿಸಿದ್ದು ಯಾವಾಗ?’ ಎಂದೂ ಕೇಳಬೇಕೆಂದು ಈ ಕೆಲಸ ಕಲಿಯುವವರಿಗೆ ನಾನು ಹೇಳುತ್ತೇನೆ.

ರೂಟರ್ ನಿಮ್ಮದೇ ಆಗಿದ್ದರೆ ಅದರ ಅಡಿಯ ಚೀಟಿಯಲ್ಲಿ ಬರೆದಿರುವ ವಿಳಾಸವನ್ನು, ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಎಂಬುದನ್ನು, ಬ್ರೌಸರ್‌ನಲ್ಲಿ ತೆರೆದು ಡಿಎನ್‌ಎಸ್ ಇರುವ ಪುಟಕ್ಕೆ ಹೋಗಬೇಕು. ಅಲ್ಲಿ 94.140.14.15 ಇದ್ದರೆ ಅದು ಆ್ಯಡ್‌ಗಾರ್ಡ್‌ನ ಕುಟುಂಬದ ಸೇವೆ, 185.228.168.168 ಇದ್ದರೆ ಕ್ಲೀನ್‌ಬ್ರೌಸಿಂಗ್‌ನ ಕುಟುಂಬದ ಫಿಲ್ಟರ್. ಇವೆರಡೂ ವಯಸ್ಕರ ತಾಣಗಳನ್ನು ತಡೆಯುವುದರ ಜೊತೆಗೆ ಸೇಫ್‌ಸರ್ಚನ್ನೂ ಕಡ್ಡಾಯ ಮಾಡುತ್ತವೆ. ಹಳೆಯ ಅಂಕಿಗಳನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಂಡ ಬಳಿಕ, ಫಿಲ್ಟರ್ ಇಲ್ಲದ 8.8.8.8 ಅಥವಾ 1.1.1.1 ಹಾಕಬಹುದು, ಇಲ್ಲವೇ ಸಂಪರ್ಕ ಒದಗಿಸುವವರ ಡಿಎನ್‌ಎಸ್ ತಾನಾಗಿ ಬರುವಂತೆ ಬಿಡಬಹುದು. ರೂಟರ್‌ನಲ್ಲಿ ಐಪಿವಿ6ಕ್ಕೆ ಪ್ರತ್ಯೇಕ ಡಿಎನ್‌ಎಸ್ ಜಾಗ ಇದೆಯೇ ಎಂದು ನೋಡುವುದನ್ನು ಮರೆಯಬಾರದು. ಅಲ್ಲಿ ಹಳೆಯ ಫಿಲ್ಟರ್ ಉಳಿದಿದ್ದರೆ ಒಮ್ಮೆ ಸರಿ ಒಮ್ಮೆ ತಪ್ಪು ಎಂಬ ವಿಚಿತ್ರ ಸ್ಥಿತಿ ಉಂಟಾಗುತ್ತದೆ, ಕಾರಣ ಹುಡುಕುವವರನ್ನು ಅದು ಬಹಳ ದಣಿಸುತ್ತದೆ.

ಬದಲಾಯಿಸಿದ ತಕ್ಷಣ ಫಲ ಕಾಣದಿರಬಹುದು. ಹಳೆಯ ಉತ್ತರವನ್ನು ಕಂಪ್ಯೂಟರ್ ಸ್ವಲ್ಪ ಕಾಲ ನೆನಪಿಟ್ಟುಕೊಂಡಿರುತ್ತದೆ. ರೂಟರನ್ನೂ ಕಂಪ್ಯೂಟರನ್ನೂ ಒಮ್ಮೆ ಬಂದ್ ಮಾಡಿ ಆನ್ ಮಾಡಿದರೆ, ಫೋನಿನಲ್ಲಿ ಏರೋಪ್ಲೇನ್ ಮೋಡ್ ಹಾಕಿ ತೆಗೆದರೆ, ಬಹುತೇಕ ಅದು ಅಳಿಸಿಹೋಗುತ್ತದೆ.

ಫೋನಿನೊಳಗೂ ಡಿಎನ್‌ಎಸ್ ಇರುತ್ತದೆ. ಆಂಡ್ರಾಯ್ಡ್ 9ರಿಂದ ಈಚಿನ ಫೋನುಗಳಲ್ಲಿ ನೆಟ್‌ವರ್ಕ್ ಸೆಟ್ಟಿಂಗ್‌ನೊಳಗೆ ‘ಪ್ರೈವೇಟ್ ಡಿಎನ್‌ಎಸ್’ ಎಂಬ ಜಾಗವಿದೆ. ಜಾಹೀರಾತು ತಡೆಯಲೆಂದು ಯಾರೋ ಹೇಳಿಕೊಟ್ಟ ಹೆಸರನ್ನು ಅಲ್ಲಿ ತುಂಬಿದವರು ಹಲವರು. ಆ ಹೆಸರು ‘ಫ್ಯಾಮಿಲಿ’ ಎಂಬುದರಿಂದ ಆರಂಭವಾಗಿದ್ದರೆ ಜಾಹೀರಾತಿನ ಜೊತೆಗೆ ಸೇಫ್‌ಸರ್ಚ್ ಕೂಡ ಕಟ್ಟಿಹಾಕಲ್ಪಟ್ಟಿರುತ್ತದೆ. ಇಂತಹ ಫೋನಿನಲ್ಲಿ ವೈಫೈ ಬಂದ್ ಮಾಡಿದರೂ ಬೀಗ ಹೋಗುವುದಿಲ್ಲ, ಏಕೆಂದರೆ ಈ ಸೆಟ್ಟಿಂಗ್ ಎರಡು ಸಂಪರ್ಕಗಳಿಗೂ ಅನ್ವಯಿಸುತ್ತದೆ. ‘ಆಟೋಮ್ಯಾಟಿಕ್’ ಎಂದು ಬದಲಿಸಿದರೆ ಸಾಕು. ಕ್ರೋಮ್‌ನಲ್ಲಿಯೂ ‘ಯೂಸ್ ಸೆಕ್ಯೂರ್ ಡಿಎನ್‌ಎಸ್’ ಎಂಬ ಇಂತಹುದೇ ಒಂದು ಆಯ್ಕೆ ಭದ್ರತೆಯ ಪುಟದಲ್ಲಿದೆ.

ಬೀಗ ಇನ್ನೊಬ್ಬರದ್ದಾಗಿದ್ದರೆ

ಇಲ್ಲಿಯವರೆಗೆ ಹೇಳಿದ ಬದಲಾವಣೆಗಳೆಲ್ಲ ನಿಮ್ಮ ಯಂತ್ರಕ್ಕೆ, ನಿಮ್ಮ ರೂಟರ್‌ಗೆ, ನಿಮ್ಮ ಖಾತೆಗೆ ಮಾತ್ರ ಸಂಬಂಧಿಸಿದವು. ಹಾಸ್ಟೆಲ್, ಪಿಜಿ, ಗ್ರಂಥಾಲಯ, ಕಚೇರಿ ಇವುಗಳ ವೈಫೈಯಲ್ಲಿ ಬೀಗ ಕಂಡರೆ ಅದು ದೋಷವಲ್ಲ, ಆ ಸಂಸ್ಥೆಯ ನಿರ್ಧಾರ. ಸಂಪರ್ಕವನ್ನು ಬೇರೆ ದಾರಿಯಿಂದ ಸಾಗಿಸುವ ವಿಪಿಎನ್ ಮೂಲಕ ಅದನ್ನು ದಾಟುವ ಉಪಾಯಗಳನ್ನು ನಾನು ಇಲ್ಲಿ ಕೊಡುವುದಿಲ್ಲ. ಸಂಸ್ಥೆಯ ನಿಯಮ ಮುರಿದ ವಿದ್ಯಾರ್ಥಿಗೆ ಅದರಿಂದಾಗುವ ತೊಂದರೆ ಒಂದು ಚಿತ್ರ ಕಾಣದಿರುವ ತೊಂದರೆಗಿಂತ ದೊಡ್ಡದು. ಮಕ್ಕಳ ಫೋನಿನಲ್ಲಿ ಹೆತ್ತವರು ಹಾಕಿದ ಬೀಗವನ್ನು ತೆಗೆದುಕೊಡಿ ಎಂದು ಮಕ್ಕಳೇ ಬಂದು ಕೇಳಿದರೆ ದುರಸ್ತಿಯವರು ಒಪ್ಪಬಾರದು. ಹೆತ್ತವರನ್ನು ಕರೆತರಲು ಹೇಳಬೇಕು.

ಆದರೆ ಸುಮ್ಮನೆ ಕೂರಬೇಕೆಂದೂ ಇಲ್ಲ. ಓದಿಗೆ ಅಗತ್ಯವಾದ ಮಾಹಿತಿಯನ್ನು ಫಿಲ್ಟರ್ ತಡೆಯುತ್ತಿದ್ದರೆ ಅದನ್ನು ಸಂಸ್ಥೆಯ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ತಿಳಿಸುವುದು ವಿದ್ಯಾರ್ಥಿಯ ಹಕ್ಕು, ತಿಳಿಸಿದರೆ ಅವರಿಗೂ ಉಪಕಾರವಾಗುತ್ತದೆ. ‘ಗೂಗಲ್ ಸರಿಯಾಗಿ ಬರುತ್ತಿಲ್ಲ’ ಎಂಬ ದೂರಿನಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಹುಡುಕಿದ ಪದ, ಅದು ಯಾವ ವಿಷಯದ ಯಾವ ಪಾಠಕ್ಕೆ ಬೇಕು ಎಂಬುದು, ದಿನಾಂಕ ಮತ್ತು ಸಮಯ, ವೈಫೈಯ ಹೆಸರು, ಬೀಗದ ಪುಟದ ಸ್ಕ್ರೀನ್‌ಶಾಟ್, ಎನ್ಎಸ್‌ಲುಕಪ್ ಕೊಟ್ಟ ಅಂಕಿ ಇಷ್ಟನ್ನು ಇಮೇಲ್‌ನಲ್ಲಿ ಬರೆದು, ವಿಭಾಗದ ಅಧ್ಯಾಪಕರ ಮೂಲಕ ಕಳುಹಿಸಿದರೆ ಆ ಕೋರಿಕೆಗೆ ತೂಕ ಬರುತ್ತದೆ. ಇಡೀ ಕ್ಯಾಂಪಸ್ಸಿಗೆ ಫಿಲ್ಟರ್ ತೆಗೆಯಲಾಗದಿದ್ದರೂ ಗ್ರಂಥಾಲಯದ ಕೆಲವು ಕಂಪ್ಯೂಟರುಗಳಿಗೆ ಮಾತ್ರ ತೆಗೆಯುವುದು ತಾಂತ್ರಿಕವಾಗಿ ಕಷ್ಟವಲ್ಲ ಎಂಬುದನ್ನೂ ಅದರಲ್ಲಿ ಸೂಚಿಸಬಹುದು.

ಆಫ್ ಆದರೂ ಫಲಿತಾಂಶ ಬದಲಾಗದಿದ್ದರೆ

ಬೀಗವಿಲ್ಲ, ‘ಆಫ್’ ಎಂದೇ ತೋರಿಸುತ್ತಿದೆ, ಆದರೂ ಬೇಕಾದದ್ದು ಬರುತ್ತಿಲ್ಲ ಎಂದಾದರೆ ಸೇಫ್‌ಸರ್ಚನ್ನು ಮತ್ತೆ ಮತ್ತೆ ಕೆದಕಬಾರದು. ಮೊದಲು ಬೇರೆ ಹುಡುಕು ತಾಣದಲ್ಲಿ ಅದೇ ಪದ ಹಾಕಿ ನೋಡಬೇಕು. ಗೂಗಲ್‌ನಲ್ಲಿ ಮಾಡಿದ ಬದಲಾವಣೆ ಬಿಂಗ್‌ಗೆ ಸೇರುವುದಿಲ್ಲ. ಬಿಂಗ್ ಮತ್ತು ಡಕ್‌ಡಕ್‌ಗೋಗಳಲ್ಲಿ ‘ಸ್ಟ್ರಿಕ್ಟ್’, ‘ಮಾಡರೇಟ್’, ‘ಆಫ್’ ಎಂಬ ಮೂರು ಹಂತಗಳನ್ನು ಅವುಗಳ ಸೆಟ್ಟಿಂಗ್‌ನಲ್ಲಿಯೇ ಬದಲಿಸಬೇಕು. ವಿಂಡೋಸ್‌ನ ಕೆಳಪಟ್ಟಿಯ ಹುಡುಕು ಪೆಟ್ಟಿಗೆಗಂತೂ ಅದರದ್ದೇ ಆದ ಸೇಫ್‌ಸರ್ಚ್ ಇದೆ, ಅದು ವಿಂಡೋಸ್ ಸೆಟ್ಟಿಂಗ್‌ನ ‘ಸರ್ಚ್ ಪರ್ಮಿಶನ್ಸ್’ ಪುಟದಲ್ಲಿ ಸಿಗುತ್ತದೆ. ಯೂಟ್ಯೂಬ್‌ನ ‘ರಿಸ್ಟ್ರಿಕ್ಟೆಡ್ ಮೋಡ್’ ಇವೆಲ್ಲಕ್ಕಿಂತ ಬೇರೆ, ಪ್ರತಿ ಸಾಧನದಲ್ಲಿಯೂ ಪ್ರತ್ಯೇಕವಾಗಿ ಬದಲಿಸಬೇಕು.

ಹುಡುಕುಪದವನ್ನೂ ಒಮ್ಮೆ ಪರಿಶೀಲಿಸಬೇಕು. ವೈದ್ಯಕೀಯ ಚಿತ್ರಗಳು ಇಂಗ್ಲಿಷಿನ ಶಾಸ್ತ್ರೀಯ ಹೆಸರಿನಲ್ಲಿ ಸಿಗುವಷ್ಟು ಕನ್ನಡದ ಆಡುಮಾತಿನ ಹೆಸರಿನಲ್ಲಿ ಸಿಗುವುದಿಲ್ಲ. ಅದು ಫಿಲ್ಟರ್‌ನ ಕೆಲಸವಲ್ಲ, ನಮ್ಮ ಭಾಷೆಯಲ್ಲಿ ಅಂತಹ ಬರಹ ಇನ್ನೂ ಕಡಿಮೆ ಇರುವುದರ ಫಲ. ನನಗೆ ಇದು ನಿಜಕ್ಕೂ ಬೇಸರ ತರುವ ವಿಷಯ. ಕನ್ನಡದಲ್ಲಿ ಮಾತ್ರ ಹುಡುಕಬಲ್ಲ ತಾಯಂದಿರಿಗೆ ಫಿಲ್ಟರ್ ತೆಗೆದುಕೊಟ್ಟರೂ ಬೇಕಾದ ಮಾಹಿತಿ ಸಿಗದೆ ಹೋಗುತ್ತದೆ. ಅವರಿಗೆ ಆಸ್ಪತ್ರೆಯ ದಾದಿಯರನ್ನೋ ಆಶಾ ಕಾರ್ಯಕರ್ತೆಯರನ್ನೋ ನೇರವಾಗಿ ಕೇಳಲು ಹೇಳುವುದು ಹೆಚ್ಚು ಉಪಯುಕ್ತ.

ಹುಡುಕಾಟದಲ್ಲಿ ಕೊಂಡಿ ಕಾಣುತ್ತದೆ, ಒತ್ತಿದರೆ ಮಾತ್ರ ತಾಣ ತೆರೆಯುವುದಿಲ್ಲ ಎಂಬುದು ಇನ್ನೊಂದು ಬಗೆಯ ದೂರು. ಇದಕ್ಕೂ ಸೇಫ್‌ಸರ್ಚ್‌ಗೂ ಸಂಬಂಧವಿಲ್ಲ. 2018ರಲ್ಲಿ ಉತ್ತರಾಖಂಡ ಹೈಕೋರ್ಟಿನ ಆದೇಶದ ಬಳಿಕ 827 ಅಶ್ಲೀಲ ತಾಣಗಳನ್ನು ತಡೆಯುವಂತೆ ಕೇಂದ್ರ ಸರಕಾರ ಇಂಟರ್ನೆಟ್ ಸಂಪರ್ಕ ಒದಗಿಸುವವರಿಗೆ ಸೂಚಿಸಿತ್ತು. ಅಂತಹ ತಡೆ ಸಂಪರ್ಕ ಒದಗಿಸುವವರ ಕಡೆ ಇರುತ್ತದೆ, ಮನೆಯ ಸೆಟ್ಟಿಂಗ್‌ನಿಂದ ಅದು ಹೋಗುವುದಿಲ್ಲ. ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳನ್ನು ಹಂಚುವುದಷ್ಟೇ ಅಲ್ಲದೆ ಹುಡುಕುವುದು, ನೋಡುವುದು ಕೂಡ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನ ಪ್ರಕಾರ ಅಪರಾಧ. ಫಿಲ್ಟರ್ ಆನ್ ಇದ್ದರೂ ಆಫ್ ಇದ್ದರೂ ಕಾನೂನು ಒಂದೇ ಎಂಬುದನ್ನು ದುರಸ್ತಿ ಮಾಡಿಕೊಡುವವರು ಸ್ಪಷ್ಟವಾಗಿ ಹೇಳಬೇಕು.

ದೋಷ ಪತ್ತೆಯಾಗಿ ಫಿಲ್ಟರ್ ಆಫ್ ಆದ ಮೇಲೆ ಆ ಕಂಪ್ಯೂಟರನ್ನು ಇನ್ನು ಯಾರು ಯಾರು ಬಳಸುತ್ತಾರೆ ಎಂದು ವಿಚಾರಿಸಬೇಕು. ಮಕ್ಕಳೂ ಅದರಲ್ಲೇ ಓದುವುದಾದರೆ ಕ್ರೋಮ್‌ನಲ್ಲಿ ದೊಡ್ಡವರಿಗೊಂದು, ಮಕ್ಕಳಿಗೊಂದು ಪ್ರತ್ಯೇಕ ಪ್ರೊಫೈಲ್ ಮಾಡಿ, ವಿಂಡೋಸ್‌ನಲ್ಲಿಯೇ ಬೇರೆ ಬೇರೆ ಬಳಕೆದಾರರನ್ನು ಪಾಸ್‌ವರ್ಡ್ ಸಹಿತ ಮಾಡಿದರೆ ಇನ್ನೂ ಉತ್ತಮ, ಮಕ್ಕಳ ಭಾಗದಲ್ಲಿ ಮಾತ್ರ ‘ಫಿಲ್ಟರ್’ ಉಳಿಸಬೇಕು. ರೂಟರ್‌ನ ಡಿಎನ್‌ಎಸ್ ಬದಲಿಸಿದ್ದರೆ ಅದರ ಪರಿಣಾಮ ಮಕ್ಕಳ ಫೋನು, ಟ್ಯಾಬ್ ಮತ್ತು ಟಿವಿಗೂ ತಟ್ಟುವುದರಿಂದ, ಆ ಸಾಧನಗಳಲ್ಲಿಯೂ ಸೇಫ್‌ಸರ್ಚ್ ಪುಟ ತೆರೆದು ನೋಡಿ, ಅಗತ್ಯವಿದ್ದರೆ ಮಕ್ಕಳ ಆಂಡ್ರಾಯ್ಡ್ ಫೋನಿನ ‘ಪ್ರೈವೇಟ್ ಡಿಎನ್‌ಎಸ್’ನಲ್ಲಿ ಕುಟುಂಬದ ಸೇವೆಯ ಹೆಸರನ್ನು ತುಂಬಿಕೊಡಬೇಕು. ಬರೆದಿಟ್ಟುಕೊಂಡ ಹಳೆಯ ಅಂಕಿಗಳ ಕಾಗದವನ್ನು ಮನೆಯವರ ಕೈಗೆ ಕೊಟ್ಟು, ಏನನ್ನು ಎಲ್ಲಿ ಬದಲಿಸಲಾಯಿತು ಎಂಬುದನ್ನು ಅದರ ಕೆಳಗೆ ದಿನಾಂಕ ಸಹಿತ ಬರೆದುಬಿಡಬೇಕು. ಮುಂದಿನ ಸಲ ಸಿಡಿಲಿಗೆ ರೂಟರ್ ಸುಟ್ಟು ಹೊಸತು ಬಂದಾಗ ಜೋಡಿಸುವವರಿಗೆ ತೋರಿಸಲು ಅದು ಬೇಕಾಗುತ್ತದೆ.